ಕರಡಿಗೆಯಷ್ಟು ಕ್ಯಾಮರಾ

ಸುಭದ್ರಮ್ಮನ ಮನೆಯಲ್ಲಿ ಭಾನುವಾರ ಸ್ನಾನ ಮಾಡಬೇಕಾದರೆ ಮಗನ ಅಪ್ಪಣೆ ಬೇಕಾಗಿತ್ತು. ಬೆಳಗಿನ ತಿಂಡಿ ಆದ ಕೂಡಲೇ ಹಾಲೇಶಪ್ಪ ಬಚ್ಚಲುಮನೆಗೆ ನುಗ್ಗಿ, ಕಿಟಕಿಗೆ ಕಂಬಳಿ ಬಡಿದು, ಬಾಗಿಲ ಸಂದಿಗೆಲ್ಲ ಹಳೇ ಸೀರೆ ತುರುಕಿ, ಹಂಡೆ ಒಲೆಯ ಕೆಂಡಕ್ಕೆ ಒಂದು ಚೊಂಬು ನೀರು ಸುರಿದು ಚಿಲಕ ಹಾಕಿಕೊಂಡನೆಂದರೆ ಮುಗಿಯಿತು. ಕೆಂಡದ ಮಿಣುಕು ಬೆಳಕೂ ಅವನ ಫಿಲ್ಮಿಗೆ ಆಗದು. ಅದನ್ನು ಕತ್ತಲಲ್ಲೇ ಔಷಧಿ ನೀರಿನಲ್ಲಿ ನೆನೆಸಬೇಕಂತೆ, ಕತ್ತಲಲ್ಲೇ ತೊಳೆಯಬೇಕಂತೆ. ಅಷ್ಟು ಹೊತ್ತೂ ಮನೆಯ ಮೂವರು ಹೆಂಗಸರು ಉಡುವ ಸೀರೆ ಹೆಗಲಿಗೆ ಹಾಕಿಕೊಂಡು ಹಿತ್ತಲ ಕಟ್ಟೆಯ ಮೇಲೆ ಕಾಯಬೇಕು.

"ಒಳಗೇನು ಮಂತ್ರ ಹಾಕ್ತಿದ್ದೀಯೋ ಮಾರಾಯ? ಬಸುರಿ ಹೆಂಗಸು ಎಷ್ಟು ಹೊತ್ತು ಕೂತಿರಬೇಕು?" ಎಂದು ಸುಭದ್ರಮ್ಮ ಬಾಗಿಲು ಬಡಿಯುವಳು.

"ಬಡೀಬೇಡವ್ವ, ಸಂದೀಲಿ ಬೆಳಕು ಬೀಳುತ್ತೆ."

"ನಿನ್ನ ತಲೇಲಿ ಒಂಚೂರು ಬೆಳಕು ಬಿದ್ರೆ ನನಗಷ್ಟೇ ಸಾಕು."

ಸೊಸೆ ಸುವರ್ಣ ನಗು ನುಂಗಿಕೊಂಡು ಹೊಟ್ಟೆ ನೀವಿಕೊಳ್ಳುವಳು. ಮಗಳು ಪ್ರೇಮ ಮಾತ್ರ ನಗುತ್ತಿರಲಿಲ್ಲ. ಅವಳಿಗೆ ಇಪ್ಪತ್ತು ದಾಟಿತ್ತು. ಆ ಕಾಲಕ್ಕೆ ಅದು ನಗುವ ವಯಸ್ಸಲ್ಲ.

ಇದು ನಲವತ್ತೆರಡನೇ ಇಸವಿಯ, ಯುದ್ಧ ಕಾಲದ ಮಾತು. ಭದ್ರಾವತಿಯ ಹಳೇನಗರದಲ್ಲಿ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಅವರ ಮನೆ. ಹಾಲೇಶಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಇಂಜಿನಿಯರು; ಯಂತ್ರಗಳ ಬಿಡಿಭಾಗಗಳಿಗೆ ನಕ್ಷೆ ಬರೆಯುವುದು ಅವನ ಕೆಲಸ. ಗಂಡ ತೀರಿಕೊಂಡ ಮೇಲೆ ಸುಭದ್ರಮ್ಮ ಶಿವಮೊಗ್ಗದ ತಮ್ಮನ ಮನೆಯಲ್ಲಿದ್ದು, ಆ ತುಂಬು ಸಂಸಾರಕ್ಕೆ ರೊಟ್ಟಿ ತಟ್ಟಿ ತಟ್ಟಿ ಇವನನ್ನು ಬೆಂಗಳೂರಿನವರೆಗೆ ಓದಿಸಿದ್ದಳು. ಅಂಥ ಮಗ ಕೋಟು ಹಾಕಿಕೊಂಡು ಕಾರ್ಖಾನೆಗೆ ಹೋಗಿ ಬರುವುದನ್ನು ಓಣಿಯ ಜನ ನೋಡಬೇಕು, ಅವನ ಹೆಸರಿನ ಬಲದಿಂದ ಪ್ರೇಮಳಿಗೆ ಒಂದು ಒಳ್ಳೇ ಮನೆ ಸಿಗಬೇಕು. ಅವಳ ಆಸೆ ಅಷ್ಟೇ. ಮಗನ ಆಸೆ ಬೇರೆಯೇ ಇತ್ತು.

ಅವನಿಗೆ ಕ್ಯಾಮರಾ ಚಿಕ್ಕದು ಮಾಡುವ ಹುಚ್ಚು. ಆಗ ಶಿವಮೊಗ್ಗದ ಫೋಟೋದವರ ಹತ್ತಿರ ಇದ್ದದ್ದು ಮೂರು ಕಾಲಿನ ಮೇಲೆ ನಿಲ್ಲಿಸುವ ಮರದ ಪೆಟ್ಟಿಗೆ. ಅದನ್ನು ಹೊರಲು ಒಬ್ಬ ಆಳು ಬೇಕು. ಅದರ ಮುಂದೆ ಕೂತವರು ಉಸಿರು ಬಿಗಿಹಿಡಿಯಬೇಕು. ಸಿನಿಮಾ ರೀಲಿನಲ್ಲಿ ಚಿತ್ರಗಳು ಉಗುರಿನಷ್ಟೇ ಇದ್ದರೂ ಪರದೆಯ ತುಂಬ ಬೀಳುತ್ತವಲ್ಲ, ಹಾಗೆಯೇ ಚಿಕ್ಕದಾಗಿ ಹಿಡಿದು ಆಮೇಲೆ ದೊಡ್ಡದು ಮಾಡಿದರಾಯಿತು, ಪೆಟ್ಟಿಗೆ ಯಾಕೆ ಬೇಕು ಎಂಬುದು ಅವನ ವಾದ. ಜರ್ಮನಿಯವರು ಆಗಲೇ ಅಂಥದ್ದು ಮಾಡಿದ್ದರು. ಆದರೆ ಅದು ಭಾರ, ಅಂಗಿಯ ಜೇಬಿನಲ್ಲಿ ಕೂರುವುದಿಲ್ಲ. "ಅರ್ಧ ದಾರೀಲಿ ನಿಂತಿದ್ದಾರೆ" ಎನ್ನುತ್ತಿದ್ದ ಹಾಲೇಶಪ್ಪ. ಉಳಿದ ಅರ್ಧ ತಾನು ನಡೆಯುತ್ತೇನೆಂದು ಹೊರಟಿದ್ದ.

ಅವನು ನಡೆದದ್ದೆಲ್ಲ ಮನೆಯ ಸಾಮಾನಿನ ಮೇಲೆ. ಟೈಂಪೀಸಿನ ಸ್ಪ್ರಿಂಗು ಕ್ಯಾಮರಾದ ಕಣ್ಣು ತೆರೆದು ಮುಚ್ಚುವುದಕ್ಕೆ ಹೋಯಿತು. ಅಂದಿನಿಂದ ಮನೆಯವರು ಕಾರ್ಖಾನೆಯ ಕೂಗು ಕೇಳಿಯೇ ಹೊತ್ತು ತಿಳಿಯುವಂತಾಯಿತು. ಪ್ರೇಮಳ ಮದುವೆಗೆಂದು ಎತ್ತಿಟ್ಟಿದ್ದ ಹಿತ್ತಾಳೆ ತಂಬಿಗೆ ಕತ್ತರಿಯ ಬಾಯಿಗೆ ಬಿತ್ತು. ಎಷ್ಟು ಮಾಡಿದರೂ ಎಲ್ಲೋ ಒಂದು ಕಡೆ ಬೆಳಕು ಸೋರಿ ಚಿತ್ರ ಕೆಡುವುದು. ವರ್ಷಗಟ್ಟಲೆ ಒದ್ದಾಡಿದವನಿಗೆ ಕಡೆಗೆ ದಾರಿ ಸಿಕ್ಕಿದ್ದು ತನ್ನ ಕೊರಳಲ್ಲಿದ್ದ ಇಷ್ಟಲಿಂಗದ ಕರಡಿಗೆಯಲ್ಲಿ. ಬೆಳ್ಳಿಯ ಎರಡು ಹೋಳು. ಒಂದರೊಳಗೊಂದು ಕೂತರೆ ಕೂದಲೂ ತೂರದು. ಕ್ಯಾಮರಾಕ್ಕೆ ಬೇಕಾದದ್ದೂ ಅದೇ ಅಲ್ಲವೇ? ಅದೇ ಅಳತೆ ಹಿಡಿದು ಹಿತ್ತಾಳೆಯಲ್ಲಿ ಎರಡು ಹೋಳು ತಟ್ಟಿದ. ಹಳೇ ದುರ್ಬೀನಿನ ಗಾಜು ಅರೆದು ಅದಕ್ಕೆ ಕೂರಿಸಿದ. ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು ಊಟಕ್ಕೆ ಬಂದು ಕೂತ ದಿನ ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು.

"ಕೊರಳಲ್ಲಿ ಏನೋ ಅದು ಎರಡನೇದು?"

"ಕ್ಯಾಮರಾ."

"ಲಿಂಗದ ಪಕ್ಕಕ್ಕೆ?"

"ತಾಗಲ್ಲ ಬಿಡವ್ವ. ಬೇರೆ ದಾರ."

"ಬೇರೆ ದಾರವಂತೆ. ಮಠದೋರಿಗೆ ಗೊತ್ತಾದ್ರೆ ನಾನು ಯಾವ ಮುಖ ಹೊತ್ಕೊಂಡು ಹೋಗ್ಲಿ? ತೆಗಿ ಅದನ್ನ. ತೆಗೆದ್ರೇನೇ ರೊಟ್ಟಿ."

ಹಾಲೇಶಪ್ಪ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟುಕೊಂಡ. ರೊಟ್ಟಿ ಮುರಿಯುತ್ತಿದ್ದರೂ ಕಣ್ಣೆಲ್ಲ ಅದರ ಮೇಲೆ.

"ನೋಡೋಕೇನೋ ಚೆನ್ನಾಗಿದೆ ಅತ್ತೆ" ಎಂದು ಸುವರ್ಣ ಹುರುಳಿ ಸಾರು ಬಡಿಸುತ್ತ ಗಂಡನ ಪರ ವಹಿಸಿದಳು.

"ನೀನೂ ಹೊಗಳು ಮಾರಾಯ್ತಿ. ನಾಳೆ ಅಡುಗೆಮನೆಗೂ ಕಂಬಳಿ ಬಡೀತಾನೆ."

ಗೌರಿಹಬ್ಬ ಕಳೆದ ಮೇಲೆ ಶಿವಮೊಗ್ಗದಿಂದ ತಮ್ಮ ಶಿವಮೂರ್ತಪ್ಪ ಬಂದ. ಹೊಳೆಹೊನ್ನೂರಿನ ಒಂದು ದೊಡ್ಡ ಮನೆತನದ ಸುದ್ದಿ ತಂದಿದ್ದ. ಅಕ್ಕಿ ಗಿರಣಿ, ಗದ್ದೆ, ಒಬ್ಬನೇ ಹುಡುಗ.

"ಅವರಿಗೆ ಹುಡುಗಿ ಅಣ್ಣ ಇಂಜಿನಿಯರು ಅನ್ನೋದೇ ಮುಖ್ಯ ಕಣಕ್ಕ. ಆದ್ರೆ ಯಾರೋ ಕಿವಿ ಚುಚ್ಚಿದ್ದಾರೆ. ಆ ಇಂಜಿನಿಯರಿಗೆ ತಲೆ ಸರಿಯಿಲ್ಲ, ಮನೇಲಿ ಕೂತು ಡಬ್ಬಿ ಮಾಡ್ತಾನೆ ಅಂತ."

ಸುಭದ್ರಮ್ಮ ಎದ್ದು ಬಾಗಿಲು ಮುಂದಕ್ಕೆ ಮಾಡಿ ಬಂದಳು. "ಈಗೇನು ಮಾಡೋದು?"

"ಮುಚ್ಚಿಡೋಕೆ ಆಗಲ್ಲ. ದೊಡ್ಡದು ಮಾಡಿ ಹೇಳು. ಮೊದಲು ಇಬ್ಬರು ಹಿರಿಯರು ಮನೆತನ ನೋಡೋಕೆ ಬರ್ತಾರೆ. ಗೊತ್ತಲ್ಲ, ಹೆಸರು ಹೇಳ್ಕೊಂಡು ಬರಲ್ಲ. ನೀರು ಕೇಳೋ ನೆಪದಲ್ಲಿ, ವಿಳಾಸ ಕೇಳೋ ನೆಪದಲ್ಲಿ ಬರ್ತಾರೆ. ನೀನೂ ಗೊತ್ತಿಲ್ಲದೋಳ ಹಾಗೆ ಇರು. ಯಾರು, ಏನು ಅಂತ ಕೇಳಿದ್ರೆ ಕೆಟ್ಟಿತು."

ಆ ಪದ್ಧತಿ ಸುಭದ್ರಮ್ಮನಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವಳನ್ನು ನೋಡಲೂ ಹಾಗೆಯೇ ಬಂದಿದ್ದರು, ಎತ್ತು ಕಳೆದಿದೆ ಎಂಬ ನೆಪ ಹೇಳಿಕೊಂಡು. ಬಂದವರು ಕಳ್ಳತನದಲ್ಲಿ ಮನೆ ಅಳೆಯುವುದು, ಮನೆಯವರು ಕಂಡೂ ಕಾಣದಂತೆ ಉಪಚರಿಸುತ್ತ ಇದ್ದದ್ದಕ್ಕೆ ಒಂದಿಷ್ಟು ಸೇರಿಸಿ ಹೇಳುವುದು. ಎರಡು ಕಡೆಯವರೂ ಒಪ್ಪಿಕೊಂಡ ಆಟ ಅದು.

ಅದೇ ವಾರ ಹಾಲೇಶಪ್ಪನ ಕ್ಯಾಮರಾ ಕಡೆಗೂ ಕೆಲಸ ಮಾಡಿತು. ಬಚ್ಚಲಿನಿಂದ ಈಚೆಗೆ ಬಂದವನು ಒದ್ದೆ ಕೈಯಲ್ಲೇ ಒಂದು ಕಾಗದ ಹಿಡಿದುಕೊಂಡು ಅಡುಗೆಮನೆಗೆ ಬಂದ. ಅದರಲ್ಲಿ ಸುಭದ್ರಮ್ಮ ಮೊರದಲ್ಲಿ ಅಕ್ಕಿ ಕೇರುತ್ತ ಕೂತಿದ್ದಳು. ಹಣೆಯ ಸುಕ್ಕು, ಜಾರಿದ ಸೆರಗು, ಮೊರದಿಂದ ಮೇಲೆದ್ದ ಅಕ್ಕಿಕಾಳು ಕೂಡ ಬಿಡಿಬಿಡಿಯಾಗಿ ಕಾಣುತ್ತಿತ್ತು.

"ನೀನು ಕೇರ್ತಾನೇ ಇದ್ದೆ. ನಿನಗೆ ಗೊತ್ತೇ ಆಗಲಿಲ್ಲ" ಎಂದು ನಿಂತ. ಮೂವತ್ತು ದಾಟಿದ ಗಂಡಸು, ಇಸ್ಕೂಲಿನ ಹುಡುಗನ ಹಾಗೆ ತಾಯಿಯ ಮುಖವನ್ನೇ ನೋಡುತ್ತ.

ಸುಭದ್ರಮ್ಮನಿಗೆ ಹೊಗಳುವ ಮಾತು ಬಾಯಿಯವರೆಗೆ ಬಂದಿತ್ತು. ಆದರೆ ಹೊಗಳಿದರೆ ಇವನು ಇನ್ನೂ ಹಾಳಾಗುತ್ತಾನೆ ಎಂಬ ಭಯ. "ಹೊಗೆ ಹಿಡಿದ ಹಾಗಿದೀನಿ" ಎಂದವಳೇ ಒಲೆಗೆ ಕಟ್ಟಿಗೆ ತುರುಕಿದಳು.

ಅವನು ಚಿತ್ರವನ್ನು ಅಲ್ಲೇ ಇಟ್ಟು ಹೊರಟುಹೋದ. ಅವನು ಹೋದ ಮೇಲೆ ಅವಳು ಕೈ ಒರೆಸಿಕೊಂಡು ಆ ಚಿತ್ರವನ್ನು ಕಿಟಕಿಯ ಹತ್ತಿರ ಒಯ್ದು ನೋಡಿದಳು. ಸಾರು ಉಕ್ಕಿ ಒಲೆ ಆರುವವರೆಗೂ ನೋಡಿದಳು.

ಸೋಮವಾರ ಮಧ್ಯಾಹ್ನ ಇಬ್ಬರು ಬಂದರು. ಹಿರಿಯನಿಗೆ ಕರೀ ಕೋಟು, ಜರಿಯಂಚಿನ ರುಮಾಲು. ಇನ್ನೊಬ್ಬ ತೆಳ್ಳನೆಯ ಆಳು, ಕೈಯಲ್ಲಿ ಛತ್ರಿ. ಹಾಲೇಶಪ್ಪ ಕಾರ್ಖಾನೆಯಲ್ಲಿದ್ದ.

"ಇಂಜಿನಿಯರ್ ಹಾಲೇಶಪ್ಪನವರ ಮನೆ ಇದೇನಾ ತಾಯಿ? ಒಂದು ಲೋಟ ನೀರು ಸಿಗಬಹುದಾ?"

ನೀರು ಎಂದ ಕೂಡಲೇ ಸುಭದ್ರಮ್ಮನಿಗೆ ತಿಳಿದುಹೋಯಿತು. ಬಂದವರು ಯಾರೆಂದು ಕೇಳಲಿಲ್ಲ. ಜಮಖಾನೆ ಹಾಸಿದಳು. ಒಳಗೆ ಹೋಗಿ "ಪ್ರೇಮ, ಆ ಹಸಿರು ಸೀರೆ ಉಟ್ಕೊಳ್ಳೇ. ಸುವರ್ಣ, ರವೆ ಹುರಿ" ಎಂದು ಪಿಸುಗುಟ್ಟಿ, ಅಂಗಡಿಗೆ ಸಕ್ಕರೆ ಬಾರದೆ ವಾರವಾಗಿದ್ದರಿಂದ ಬೆಲ್ಲದ ಕಾಫಿಗೇ ಏಲಕ್ಕಿ ಕುಟ್ಟಿ ಹಾಕಿದಳು. ಉಪ್ಪಿಟ್ಟು ಬಂತು. ಪ್ರೇಮ ತಲೆ ತಗ್ಗಿಸಿಕೊಂಡು ಕಾಫಿ ತಂದಿಟ್ಟಳು. ಇಬ್ಬರೂ ಅವಳನ್ನು ಸರಿಯಾಗಿ ನೋಡಲೇ ಇಲ್ಲ. ಎಂಥ ಮರ್ಯಾದಸ್ಥರು ಎಂದುಕೊಂಡಳು ಸುಭದ್ರಮ್ಮ.

ಹಿರಿಯ ಕಾಫಿ ಗುಟುಕರಿಸಿ ಹೇಳಿದ: "ನಿಮ್ಮ ಮಗ ಮನೇಲಿ ಏನೋ ಔಷಧಿ, ಪುಡಿ ಎಲ್ಲ ಇಟ್ಕೊಂಡು ಕೆಲಸ ಮಾಡ್ತಾರಂತೆ. ಊರಲ್ಲಿ ಮಾತಾಡ್ಕೋತಾರೆ."

ಬಂತು ನೋಡು ಎಂದುಕೊಂಡಳು. ಕಿವಿ ಚುಚ್ಚಿದವರ ಮಾತು ಇದೇ. ಇದೊಂದನ್ನು ದಾಟಿಸಿದರೆ ಪ್ರೇಮ ದಡ ಸೇರಿದಳು.

"ಊರೋರಿಗೇನು ಗೊತ್ತು ಸ್ವಾಮಿ? ಡಬ್ಬಿ ಅಂತಾರೆ. ಅದು ಡಬ್ಬೀನಾ?" ಎಂದು ಗೂಡಿನಲ್ಲಿದ್ದ ಕ್ಯಾಮರಾವನ್ನು ತಂದು ಹಿರಿಯನ ಅಂಗೈಯಲ್ಲೇ ಇಟ್ಟಳು. "ಕರಡಿಗೆಯಷ್ಟೇ ಇದೆ ನೋಡಿ. ಇದರಲ್ಲಿ ಫೋಟೋ ಹಿಡೀತಾನೆ. ಎದುರಿಗಿದ್ದೋರಿಗೆ ಗೊತ್ತೇ ಆಗಲ್ಲ. ಜರ್ಮನಿಯೋರಿಗೂ ಇಷ್ಟು ಚಿಕ್ಕದು ಮಾಡೋಕೆ ಬಂದಿಲ್ಲವಂತೆ. ನನ್ನ ಮಗನಂಥ ಕೈ ಈ ಸೀಮೇಲಿಲ್ಲ ಸ್ವಾಮಿ. ಹೆತ್ತೋಳು ಅಂತ ಹೇಳ್ತಿಲ್ಲ, ಕಣ್ಣಾರೆ ನೋಡಿದೀನಿ."

ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿಕೊಂಡಿತು. ಇಷ್ಟು ವರ್ಷ ಗಂಟು ಕಟ್ಟಿಟ್ಟಿದ್ದ ಮಾತು ಅದು.

"ಮನೇಲಿ ಆಟಕ್ಕೆ ಮಾಡಿದ್ದೋ, ಇಲ್ಲಾ..." ಎಂದು ಛತ್ರಿಯವನು ಎಳೆದ.

ಆಟ ಎಂಬ ಮಾತು ಸುಭದ್ರಮ್ಮನಿಗೆ ಚುಚ್ಚಿತು. ಅಲ್ಲಿಂದ ಮುಂದೆ ಅವಳು ಆಡಿದ್ದೆಲ್ಲ ಸೇರಿಸಿದ ಮಾತು.

"ಆಟ ಎಲ್ಲಿ ಬಂತು? ಕಾರ್ಖಾನೆ ಕೆಲಸಕ್ಕೇ ಅಲ್ವಾ ಮಾಡಿದ್ದು. ದಿನಾ ಒಯ್ತಾನೆ. ಕುಲುಮೆ, ಯಂತ್ರ ಎಲ್ಲಾ ಇದರಲ್ಲೇ ಹಿಡಿದಿದಾನೆ."

"ಗೇಟಿನಲ್ಲಿ ತಪಾಸಣೆ ಇರುತ್ತಲ್ಲ ತಾಯಿ?"

"ಇದ್ದೇನು? ಕೊರಳಲ್ಲಿ ನೋಡಿ ಕರಡಿಗೆ ಅಂತ ಅವರೇ ಕೈ ಮುಗಿದು ಬಿಡ್ತಾರೆ" ಎಂದು ನಕ್ಕಳು.

ಅವರೂ ನಕ್ಕರು. ಹಿರಿಯ ಕ್ಯಾಮರಾವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಎದ್ದ. "ಇದನ್ನ ನಾವು ತಗೊಂಡು ಹೋಗ್ತೀವಿ."

"ಹುಡುಗನಿಗೆ ತೋರಿಸೋಕಾ? ಧಾರಾಳವಾಗಿ ತಗೊಂಡು ಹೋಗಿ" ಎಂದಳು ಸುಭದ್ರಮ್ಮ. ಗೊತ್ತಿಲ್ಲದವಳ ಹಾಗೆ ಇರಬೇಕು ಎಂಬುದನ್ನು ಸಂತೋಷದಲ್ಲಿ ಮರೆತಿದ್ದಳು.

ಸಂಜೆಯ ಕೂಗು ಆಯಿತು. ಓಣಿಯ ಗಂಡಸರೆಲ್ಲ ಬಂದರು. ಹಾಲೇಶಪ್ಪ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವನ ಜೊತೆ ಕೆಲಸ ಮಾಡುವ ಪುಟ್ಟಯ್ಯ ಬಾಗಿಲಲ್ಲೇ ನಿಂತು, ಒಳಗೆ ಕಾಲಿಡದೆ ಹೇಳಿದ: "ಮಫ್ತಿ ಪೊಲೀಸಿನೋರು ಗೇಟಿನಲ್ಲೇ ಹಿಡಿದ್ರು ಅಮ್ಮ. ಶಿವಮೊಗ್ಗಕ್ಕೆ ಕರ್ಕೊಂಡು ಹೋದ್ರು. ಕಾರ್ಖಾನೆ ಫೋಟೋ ಹಿಡಿದು ಶತ್ರುಗಳಿಗೆ ಕೊಡ್ತಿದ್ದಾರೆ ಅಂತ. ಒಬ್ಬ ರುಮಾಲಿನೋನು, ಒಬ್ಬ ಛತ್ರಿಯೋನು."

ಸುಭದ್ರಮ್ಮ ಕ್ಯಾಮರಾ ಇಟ್ಟಿದ್ದ ಖಾಲಿ ಗೂಡಿನ ಕಡೆ ತಿರುಗಿದಳು.

ಅಂದಿನಿಂದ ಆ ಮನೆಯ ಅನ್ನ ಯಾರಿಗೂ ಮೈಗೆ ಹತ್ತಲಿಲ್ಲ. ಸುವರ್ಣ ಅಡುಗೆ ಮಾಡುವಳು, ಅತ್ತೆಯ ತಟ್ಟೆಯನ್ನು ನೆಲದ ಮೇಲೆ ಮುಂದಕ್ಕೆ ತಳ್ಳುವಳು, ಮಾತಿಲ್ಲ. ಮೂರನೆಯ ದಿನ ಮಾತು ಬಂತು.

"ನಾನು ಅಡುಗೆಮನೇಲಿ ಕೇಳಿಸ್ಕೋತಾನೇ ಇದ್ದೆ ಅತ್ತೆ. ಅವರು ಯಾವತ್ತು ಅದನ್ನ ಕಾರ್ಖಾನೆಗೆ ಒಯ್ದಿದ್ರು? ಒಂದು ದಿನ ಒಯ್ದಿದ್ರಾ?"

"ಹೆಣ್ಣು ಕೊಡೋ ಕಡೆ ನಾಲ್ಕು ಮಾತು ಸೇರಿಸಿ ಹೇಳ್ತಾರೆ ಕಣೇ. ನಿನ್ನನ್ನ ಕೊಡುವಾಗ ನಿಮ್ಮಪ್ಪ ಹೇಳಲಿಲ್ವಾ, ಹುಡುಗಿ ಹಾರ್ಮೋನಿಯಂ ಬಾರಿಸ್ತಾಳೆ ಅಂತ?"

"ಹಾರ್ಮೋನಿಯಂ ಬಾರಿಸಿದ್ರೆ ಯಾರನ್ನೂ ಹಿಡ್ಕೊಂಡು ಹೋಗಲ್ಲ. ಹುಟ್ಟೋ ಮಗುವಿಗೆ ಅಪ್ಪ ಎಲ್ಲಿ ಅಂದ್ರೆ ಏನು ಹೇಳ್ಲಿ? ನಿಮ್ಮಜ್ಜಿ ಉಪ್ಪಿಟ್ಟು ಕೊಟ್ಟು ಕಳಿಸಿದ್ರು ಅಂತ ಹೇಳ್ಲಾ?"

"ಸಾಕು ಅತ್ತಿಗೆ" ಎಂದಳು ಪ್ರೇಮ. ಆಮೇಲೆ ತಾಯಿಯ ಕಡೆ ತಿರುಗಿ, "ನನಗೆ ಮದುವೆ ಬೇಕು ಅಂತ ನಾನು ಕೇಳಿದ್ನಾ ಅವ್ವ? ಒಂದು ಸಲ?" ಎಂದಳು.

ನಿಜವಾದ ಹೊಳೆಹೊನ್ನೂರಿನವರು ಗುರುವಾರ ಓಣಿಯ ತುದಿಯವರೆಗೆ ಬಂದು, ಅಂಗಡಿಯಲ್ಲಿ ಸುದ್ದಿ ಕೇಳಿ ಅಲ್ಲಿಂದಲೇ ಗಾಡಿ ತಿರುಗಿಸಿದರಂತೆ. ಕಾರ್ಖಾನೆಯವರು ಸಂಬಳ ನಿಲ್ಲಿಸಿದರು. ಮಗಳಿಗೆ ಜಡೆ ಹಾಕಿಸಲು ಪ್ರೇಮಳ ಹತ್ತಿರ ಬರುತ್ತಿದ್ದ ಪಕ್ಕದ ಮನೆಯಾಕೆ ಬರುವುದು ಬಿಟ್ಟಳು. ಪ್ರೇಮ ಊರಾಚೆಯ ಒಂದು ಮನೆಗೆ ಹಪ್ಪಳ ಒತ್ತಲು ಹೋಗತೊಡಗಿದಳು. ಭಾನುವಾರ ಬಚ್ಚಲು ಬೆಳಗಿನಿಂದ ಖಾಲಿ ಇರುತ್ತಿತ್ತು. ಹಂಡೆಯಲ್ಲಿ ನೀರು ಕಾದು ಕೊತಕೊತ ಕುದಿದರೂ ಯಾರಿಗೂ ಏಳುವ ಮನಸ್ಸಾಗುತ್ತಿರಲಿಲ್ಲ.

ಸುಭದ್ರಮ್ಮ ರೈಲು ಹತ್ತಿ ಶಿವಮೊಗ್ಗಕ್ಕೆ ಹೋಗಿ, ತಮ್ಮನನ್ನು ಕಟ್ಟಿಕೊಂಡು ಆ ರುಮಾಲಿನವನ ಮುಂದೆ ನಿಂತಳು. ಅವನು ಇನ್‌ಸ್ಪೆಕ್ಟರು. ಕುರ್ಚಿ ಹಾಕಿಸಿದ.

"ನಾನು ಹೇಳಿದ್ದು ಸುಳ್ಳು ಸ್ವಾಮಿ. ನೀವು ಹೆಣ್ಣು ನೋಡೋಕೆ ಬಂದೋರು ಅಂದ್ಕೊಂಡೆ."

"ಅದು ನನಗೂ ಆಮೇಲೆ ಅರ್ಥ ಆಯ್ತು ತಾಯಿ. ನಾವು ಬಂದದ್ದು ನಿಮ್ಮ ಮಗ ಅಷ್ಟೊಂದು ಫೋಟೋ ಪುಡಿ ಯಾಕೆ ಕೊಳ್ತಾರೆ ಅಂತ ವಿಚಾರಿಸೋಕೆ. ಮಿಕ್ಕಿದ್ದನ್ನೆಲ್ಲ ನೀವೇ ಹೇಳಿದಿರಿ. ನಾನು ಮೇಲಕ್ಕೆ ಬರೆದೂ ಆಯ್ತು. ಈಗ ಮಗನನ್ನ ಉಳಿಸೋಕೆ ಅದು ಸುಳ್ಳು ಅಂದ್ರೆ ಯಾರು ನಂಬ್ತಾರೆ?"

"ಅದು ಮನೇಲೇ ಇತ್ತಲ್ಲ ಸ್ವಾಮಿ ಆವತ್ತು. ದಿನಾ ಒಯ್ಯೋನಾಗಿದ್ರೆ ಮನೇಲಿ ಯಾಕಿರ್ತಿತ್ತು?"

"ಒಂದು ಮನೇಲಿತ್ತು. ಇನ್ನೊಂದು ಇಲ್ಲ ಅಂತ ಹೇಗೆ ಹೇಳೋದು?"

ಶಿವಮೂರ್ತಪ್ಪ ಕೈ ಮುಗಿದ. ಆ ಇನ್‌ಸ್ಪೆಕ್ಟರು ಕೆಟ್ಟವನಲ್ಲ. ಉಪ್ಪಿಟ್ಟು ತಿಂದ ಸಂಕೋಚವೂ ಇದ್ದಿರಬೇಕು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಒಂದು ದಾರಿ ಇದೆ. ನಮ್ಮ ತಾಯಿ ಹೇಳಿದ್ದೆಲ್ಲ ಸುಳ್ಳು, ಈ ವಸ್ತು ಕ್ಯಾಮರಾನೇ ಅಲ್ಲ, ಇದರಲ್ಲಿ ಚಿತ್ರ ಬರೋದಿಲ್ಲ, ಆಟದ ಸಾಮಾನು ಅಂತ ಅವನೇ ಬರೆದು ಸಹಿ ಹಾಕ್ಲಿ. ಕೆಲಸ ಹೋಗುತ್ತೆ. ಆ ಸಾಮಾನನ್ನ ಸುತ್ತಿಗೇಲಿ ಬಡಿದು ಹಾಕ್ತಾರೆ. ಮನುಷ್ಯ ಮಾತ್ರ ಮನೆಗೆ ಬರ್ತಾನೆ. ಎರಡು ಸಲ ಕೇಳಿದೆ, ಹಾಕಲ್ಲ ಅಂತಾನೆ. ನಾಳೆ ಶುಕ್ರವಾರ ಬೆಂಗಳೂರು ಜೈಲಿಗೆ ಸಾಗಿಸ್ತಾರೆ. ಅಲ್ಲಿಗೆ ಹೋದ್ರೆ ಯುದ್ಧ ಮುಗಿಯೋವರೆಗೂ ಈಚೆಗೆ ಬರಲ್ಲ. ಯುದ್ಧ ಯಾವಾಗ ಮುಗಿಯುತ್ತೋ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ."

"ನನ್ನನ್ನ ಒಳಗೆ ಬಿಡಿ ಸ್ವಾಮಿ. ನಾನು ಹಾಕಿಸ್ತೀನಿ."

ಠಾಣೆಯ ಹಿಂದಿನ ಕೋಣೆಯಲ್ಲಿ ಹಾಲೇಶಪ್ಪ ಬೆಂಚಿನ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದರು. ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ರೊಟ್ಟಿ ಬಿಚ್ಚಿದಳು. ಅವನು ಎಡಗೈಯಲ್ಲಿ ಮುರಿದು ತಿಂದ.

"ಸುವರ್ಣ ಹೇಗಿದ್ದಾಳೆ?"

"ಕಾಲು ಬಾತಿದೆ. ನಿನ್ನ ದಾರಿ ನೋಡ್ತಿದ್ದಾಳೆ. ಆ ಕಾಗದಕ್ಕೆ ಸಹಿ ಯಾಕೆ ಹಾಕಲ್ಲ ಹಾಲೇಶ?"

"ಕಾರ್ಖಾನೆಗೆ ಒಯ್ದೆ ಅನ್ನೋದು ಸುಳ್ಳು ಅಂತ ಎಷ್ಟು ಕಡೆ ಬೇಕಾದ್ರೂ ಬರೀತೀನಿ. ಎಲ್ಲಾ ಸುಳ್ಳು ಅಂತ ಬರೀಬೇಕಂತೆ. ಅದು ಹೇಗಾಗುತ್ತೆ?"

"ಏನಾಗ್ಬೇಕು? ನಾನೇ ಹೇಳ್ತಿಲ್ವಾ ಸುಳ್ಳು ಅಂತ?"

ಅವನು ರೊಟ್ಟಿ ಕೆಳಗಿಟ್ಟ. ಸ್ವಲ್ಪ ನಾಚಿಕೆಯಿಂದಲೇ ಹೇಳಿದ: "ನೀನು ಅವತ್ತು ಆಡಿದ್ದನ್ನ ಅವರು ನನಗೆ ಓದಿ ಹೇಳಿದ್ರು ಅವ್ವ. ನನ್ನ ಮಗನಂಥ ಕೈ ಈ ಸೀಮೇಲಿಲ್ಲ ಅಂದ್ಯಂತೆ. ಕಣ್ಣಾರೆ ನೋಡಿದೀನಿ ಅಂದ್ಯಂತೆ. ಇನ್ನೊಂದು ಸಲ ಓದಿ ಅಂತ ನಾನೇ ಕೇಳಿದೆ. ಅವರು ನಕ್ಕರು. ನನ್ನೆದುರಿಗೆ ಒಂದು ದಿನ ಅನ್ನಲಿಲ್ಲ ನೀನು. ಅಂದಿದ್ದು ಇದೊಂದೇ ಸಲ. ಇದನ್ನ ಸುಳ್ಳು ಅಂತ ನನ್ನ ಕೈಯಲ್ಲೇ ಬರೀಲಾ?"

ಬಾಗಿಲಲ್ಲಿ ಪೇದೆ ನಿಂತಿದ್ದ. ಶುಕ್ರವಾರ ನಾಳೆಯೇ. ಬಾತ ಕಾಲು ಚಾಚಿಕೊಂಡು ಬಾಗಿಲು ನೋಡುತ್ತ ಕೂತಿರುವ ಸೊಸೆ ಕಣ್ಣ ಮುಂದೆ ಬಂದಳು. ನಿಜ ಹೇಳಿದರೆ ಈ ಹುಚ್ಚ ಆ ನಿಜವನ್ನೇ ಎದೆಗೆ ಅವುಚಿಕೊಂಡು ಬೆಂಗಳೂರಿಗೆ ಹೋಗುತ್ತಾನೆ. ಇದು ಅವಳಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು.

"ಅದೂ ಸುಳ್ಳೇ ಕಣೋ" ಎಂದಳು.

"ಯಾವುದು?"

"ಕೈ ಗೀಯಿ ಅಂದದ್ದು. ಪ್ರೇಮನ್ನ ಸಾಗಹಾಕಬೇಕಾಗಿತ್ತು. ಬಾಯಿಗೆ ಬಂದದ್ದು ಹೇಳಿದೆ."

"ನಿನಗೆ ಹಾಗೆ ಅನ್ನಿಸಿರಲಿಲ್ವಾ?"

"ನನಗೇನು ಗೊತ್ತಾಗುತ್ತೆ ಅದರಲ್ಲಿ? ಡಬ್ಬಿ. ಊರೋರು ಏನಂತಾರೋ ನಾನೂ ಅದೇ ಅನ್ನೋದು. ನಿನ್ನ ಆಟದಿಂದ ಸಂಸಾರ ಹಾಳಾಯ್ತು. ಇನ್ನೇನು ಅನ್ನಿಸ್ಬೇಕು?"

ಹಾಲೇಶಪ್ಪ ಅವಳ ಮುಖವನ್ನೇ ನೋಡಿದ. ಗಾಜಿನಲ್ಲಿ ಗೆರೆ ಹುಡುಕುವಾಗ ನೋಡುತ್ತಿದ್ದನಲ್ಲ, ಹಾಗೆ. ಸುಭದ್ರಮ್ಮ ರೆಪ್ಪೆ ಹೊಡೆಯಲಿಲ್ಲ. ಎಷ್ಟೋ ಮಂದಿ ಬೀಗರ ಮುಂದೆ ಮುಖ ಗಟ್ಟಿಮಾಡಿಕೊಂಡು ಕೂತು ಕಲಿತ ವಿದ್ಯೆ ಅದು, ಅಂದು ಮಗನ ಮೇಲೆ ನಡೆಯಿತು.

"ಕಾಗದ ಕೊಡಿ" ಎಂದ ಅವನು, ಪೇದೆಯ ಕಡೆ ತಿರುಗಿ.

ಬಟ್ಟೆ ಸುತ್ತಿದ ಬೆರಳಿನಲ್ಲೇ ಲೇಖನಿ ಹಿಡಿದು, ಇನ್‌ಸ್ಪೆಕ್ಟರು ಹೇಳಿದಂತೆ ಒಂದೊಂದೇ ಮಾತು ಬರೆದ. ಇದು ಕ್ಯಾಮರಾ ಅಲ್ಲ ಎಂದು ಬರೆದ. ಇದರಲ್ಲಿ ಚಿತ್ರ ಬರುವುದಿಲ್ಲ ಎಂದು ಬರೆದ. ಕೆಳಗೆ ಸಹಿ ಹಾಕಿದ. ಹಿತ್ತಾಳೆಯ ಹೋಳುಗಳನ್ನು ಹಿತ್ತಲಿನ ಕಲ್ಲಿನ ಮೇಲಿಟ್ಟು ಬಡಿದ ಸದ್ದು ಒಳಗಿನವರೆಗೂ ಕೇಳಿಸಿತು. ಅವನು ರೊಟ್ಟಿಯ ಉಳಿದ ತುಂಡನ್ನು ಮಡಿಚಿ ಅವಳ ಸೆರಗಿಗೇ ವಾಪಸು ಹಾಕಿದ.

ಮಾರನೆಯ ದಿನ ಮಧ್ಯಾಹ್ನ ಅವನನ್ನು ಬಿಟ್ಟರು. ಸಂಜೆಯ ರೈಲಿನಲ್ಲಿ ತಾಯಿ ಮಗ ಎದುರು ಬದುರು ಕೂತರು. ಗಾಡಿಯಲ್ಲಿ ಜನ ಕಡಿಮೆ ಇದ್ದರು. ಅವನು ಕಿಟಕಿಯ ಕಡೆ ಮುಖ ಮಾಡಿದ್ದ, ಏನನ್ನೂ ನೋಡುತ್ತಿರಲಿಲ್ಲ. ಮಲವಗೊಪ್ಪ ದಾಟುವವರೆಗೂ ಸುಭದ್ರಮ್ಮ ತಡೆದುಕೊಂಡಳು. ಇನ್ನು ಹೆದರಿಕೆಯಿಲ್ಲ, ಕೇಳಿಸಿಕೊಳ್ಳುವ ಪೊಲೀಸಿಲ್ಲ ಎನ್ನಿಸಿದ ಮೇಲೆ ಮುಂದಕ್ಕೆ ಬಾಗಿ ಅವನ ಮೊಣಕಾಲು ಹಿಡಿದುಕೊಂಡಳು.

"ಹಾಲೇಶ, ನಿನ್ನೆ ಅಂದಿದ್ದು ನಿನ್ನನ್ನ ಬಿಡಿಸೋಕೆ ಕಣಪ್ಪ. ಮೊದಲು ಅಂದಿದ್ದೇ ನಿಜ. ನಿನ್ನಂಥ ಕೈ ಇನ್ನೊಬ್ಬರಿಗಿಲ್ಲ. ನನ್ನ ಲಿಂಗದಾಣೆ."

ಅವನು ಕೋಪ ಮಾಡಿಕೊಳ್ಳಲಿಲ್ಲ. ಅವಳ ಕೈಯನ್ನು ಮೆಲ್ಲಗೆ ತೆಗೆದು ಅವಳ ಮಡಿಲಲ್ಲಿಟ್ಟ.

"ಈಗ ಯಾರನ್ನ ಒಪ್ಪಿಸೋಕೆ ಹೇಳ್ತಿದ್ದೀಯ ಅವ್ವ?" ಎಂದ.